ಫಾರಂ ತುಂಬದ ಮಗುವಿನ ಪ್ರತಿಭೆ ಯಾರ ಲೆಕ್ಕಕ್ಕೆ?

ಐದನೇ ಕ್ಲಾಸಿನಲ್ಲಿ ನನಗಿಂತ ಬೇಗ ಲೆಕ್ಕ ಮಾಡುವವಳು ಒಬ್ಬಳಿದ್ದಳು. ಗುಂಡ್ಲುಪೇಟೆ ತಾಲೂಕಿನ ನಮ್ಮೂರ ಶಾಲೆ. ಎರಡು ಕೊಠಡಿ, ಇಬ್ಬರು ಮೇಷ್ಟ್ರು. ಬೋರ್ಡಿನ ಮೇಲೆ ಭಾಗಾಕಾರ ಬರೆದು ಮೇಷ್ಟ್ರು ಈ ಕಡೆ ತಿರುಗುವಷ್ಟರಲ್ಲಿ ಅವಳ ಹತ್ತಿರ ಉತ್ತರ ಇರುತ್ತಿತ್ತು. ಸ್ಲೇಟು ಮುಟ್ಟುತ್ತಿರಲಿಲ್ಲ. ಹೆಂಗೆ ಮಾಡಿದೆ ಅಂತ ಕೇಳಿದರೆ, "ಅದೇ ಬಂತು ಕನಾ" ಅನ್ನುತ್ತಿದ್ದಳು. ಹಾಗೆ ಬೇಗ ಮುಗಿಸಿದ್ದಕ್ಕೆ ಅವಳಿಗೆ ಸಿಕ್ಕ ಬಹುಮಾನ ಕ್ಲಾಸ್ ಲೀಡರ್ ಪಟ್ಟ. ಚಾಕ್‌ಪೀಸ್ ತರುವುದು, ಒಂದನೇ ಕ್ಲಾಸಿನವರನ್ನು ಸುಮ್ಮನೆ ಕೂರಿಸುವುದು, ನಮ್ಮ ಕಾಪಿ ತಿದ್ದುವುದು ಅವಳ ಕೆಲಸ.

ಆ ವರ್ಷ ನಮ್ಮ ಶಾಲೆಯಿಂದ ನವೋದಯ ಪರೀಕ್ಷೆಗೆ ಮೂರು ಅರ್ಜಿ ಹೋದವು. ಒಂದು ನನ್ನದು. ನಮ್ಮಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್. ಫಾರಂ ಅಂದರೇನು, ಸರ್ಟಿಫಿಕೇಟ್ ಯಾವ ಟೇಬಲ್ಲಿನಲ್ಲಿ ಸಿಗುತ್ತೆ ಅನ್ನುವುದು ಅವರಿಗೆ ಗೊತ್ತಿತ್ತು. ಅವಳದು ಹೋಗಲಿಲ್ಲ. "ಹೆಣ್ಣೈಕ ಕನ ಸಾರ್, ಅಷ್ಟ್ ದೂರ ಕಳ್ಸಾದು ಬ್ಯಾಡ" ಅಂದರಂತೆ ಅವಳ ಮನೆಯವರು. ಮೇಷ್ಟ್ರು ಎರಡನೇ ಸಲ ಕೇಳಲಿಲ್ಲ. ನನಗೆ ಸೀಟು ಸಿಗಲಿಲ್ಲ, ಆದರೂ ಎಂಜಿನಿಯರಿಂಗ್ ಓದಿದೆ. ಆಮೇಲೆ ಅದನ್ನೂ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದೆ. ಎರಡು ಸಲ ದಾರಿ ಬದಲಿಸುವಷ್ಟು ಅವಕಾಶ ನನಗಿತ್ತು. ಅವಳು ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು.

ಮೊನ್ನೆ ಊರಿಗೆ ಹೋದಾಗ ತೆರಕಣಾಂಬಿ ತರಕಾರಿ ಮಾರುಕಟ್ಟೆಯಲ್ಲಿ ಸಿಕ್ಕಳು. ಬೀನ್ಸ್ ಮೂಟೆಯ ಮುಂದೆ ನಿಂತಿದ್ದಳು. ನಲವತ್ತಾರು ಕೆಜಿ, ಕೆಜಿಗೆ ಮೂವತ್ತನಾಲ್ಕು ರೂಪಾಯಿ. ವ್ಯಾಪಾರಿ ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆರೆಯುವ ಮೊದಲೇ, "ಸಾವ್ರದ ಐನೂರ ಅರ್ವತ್ನಾಲ್ಕು" ಅಂದಳು. ಹೆಂಗೆ ಅಂತ ಕೇಳಿದೆ. "ಐವತ್ತು ಕೇಜಿಗೆ ಸಾವ್ರದ ಏಳ್ನೂರು. ನಾಕ್ ಕೇಜಿದು ನೂರ ಮೂವತ್ತಾರು ಕಳುದ್ರೆ ಆಯ್ತಲ್ಲ." ಬೀಜಗಣಿತದಲ್ಲಿ ನಮಗೆ ಕಲಿಸಿದ್ದೂ ಇದನ್ನೇ, ಹೆಸರು ಮಾತ್ರ ದೊಡ್ಡದು.

ಪ್ರತಿಭಾವಂತ ಮಕ್ಕಳನ್ನು ಗುರುತಿಸುವುದು ಹೇಗೆ, ಅವರಿಗೆ ಕಲಿಸುವುದು ಹೇಗೆ ಅನ್ನುವ ಚರ್ಚೆಯನ್ನು ಅವಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಪ್ರತಿಭೆ ಅಂದರೆ ಯಾವುದು?

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ಕ್ಲಾಸಿಗೆ ಫಸ್ಟ್ ಬರುವ ಮಗು ಮತ್ತು ವಿಶೇಷ ಪ್ರತಿಭೆಯ ಮಗು ಒಂದೇ ಆಗಿರಬೇಕಿಲ್ಲ. ಹೇಳಿದ್ದನ್ನು ಚೆನ್ನಾಗಿ ಒಪ್ಪಿಸುವ ಮಗುವಿಗೆ ರ‍್ಯಾಂಕ್ ಬರುತ್ತದೆ. ವಿಶೇಷ ಸಾಮರ್ಥ್ಯದ ಮಗು ತನ್ನ ವಯಸ್ಸಿನವರಿಗಿಂತ ಬಹಳ ಬೇಗ, ಅಥವಾ ಬಹಳ ಆಳವಾಗಿ ಕಲಿಯುತ್ತದೆ. ಹೀಗಾಗಿ ಅದು ಎಷ್ಟೋ ಸಲ ಮೇಷ್ಟರಿಗೆ ತಲೆನೋವಾಗಿ ಕಾಣುತ್ತದೆ. ಬೇಗ ಮುಗಿಸಿ ಪಕ್ಕದವರನ್ನು ಕೆಣಕುತ್ತದೆ, ಸಿಲಬಸ್ಸಿನಲ್ಲಿಲ್ಲದ ಪ್ರಶ್ನೆ ಕೇಳುತ್ತದೆ, ಒಂದೇ ಥರದ ಹತ್ತು ಲೆಕ್ಕ ಕೊಟ್ಟರೆ ಎರಡು ಮಾಡಿ ಎದ್ದು ಹೋಗುತ್ತದೆ. 'ತರಲೆ' ಅಂತ ನಾವು ಕರೆಯುವ ಮಕ್ಕಳಲ್ಲಿ ಇಂಥವರೂ ಇರುತ್ತಾರೆ.

ಅಮೆರಿಕದ ಶಿಕ್ಷಣತಜ್ಞ ಜೋಸೆಫ್ ರೆನ್ಜುಲಿ 1978ರಲ್ಲಿ ಇದನ್ನು ಮೂರು ಉಂಗುರಗಳಾಗಿ ವಿವರಿಸಿದರು: ಸರಾಸರಿಗಿಂತ ಹೆಚ್ಚಿನ ಸಾಮರ್ಥ್ಯ, ಸೃಜನಶೀಲತೆ, ಹಿಡಿದ ಕೆಲಸ ಬಿಡದ ಛಲ. ಈ ಮೂರೂ ಕೂಡುವ ಜಾಗದಲ್ಲಿ ಪ್ರತಿಭೆ ಕಾಣುತ್ತದೆ ಅನ್ನುವುದು ಅವರ ವಾದ. ಕೆನಡಾದ ಫ್ರಾಂಸ್ವಾ ಗಾನ್ಯೆ ಇನ್ನೊಂದು ಉಪಯುಕ್ತ ಭೇದ ಮಾಡಿದರು. ಹುಟ್ಟಿನಿಂದ ಬಂದ ಸಾಮರ್ಥ್ಯ ಬೇರೆ, ಅಭ್ಯಾಸದಿಂದ ಪಳಗಿದ ಪ್ರತಿಭೆ ಬೇರೆ. ಒಂದು ಬಿತ್ತನೆ ರಾಗಿ, ಇನ್ನೊಂದು ತೆನೆ. ನಡುವೆ ಮಳೆ ಬೇಕು, ಗೊಬ್ಬರ ಬೇಕು, ಕಳೆ ಕೀಳುವ ಕೈ ಬೇಕು. ನಮ್ಮ ಪರೀಕ್ಷೆಗಳು ಬಹುಪಾಲು ತೆನೆಯನ್ನು ತೂಗುತ್ತವೆ.

ಬಿತ್ತನೆಯನ್ನೇ ಅಳೆಯಲು ಹೊರಟವರೂ ಎಡವಿದ್ದಾರೆ. 1921ರಲ್ಲಿ ಲೂಯಿಸ್ ಟರ್ಮನ್ ಎಂಬ ಮನಃಶಾಸ್ತ್ರಜ್ಞ ಕ್ಯಾಲಿಫೋರ್ನಿಯಾದಲ್ಲಿ ಬುದ್ಧಿಮತ್ತೆ ಪರೀಕ್ಷೆ ಮಾಡಿ ಸಾವಿರಕ್ಕೂ ಹೆಚ್ಚು ಅಸಾಧಾರಣ ಮಕ್ಕಳನ್ನು ಆರಿಸಿದರು, ಅವರ ಬದುಕನ್ನು ದಶಕಗಳ ಕಾಲ ದಾಖಲಿಸಿದರು. ಅಂಕ ಸಾಲದೆ ಹೊರಗುಳಿದ ಹುಡುಗರಲ್ಲಿ ಇಬ್ಬರು ಮುಂದೆ ಭೌತಶಾಸ್ತ್ರದ ನೊಬೆಲ್ ಪಡೆದರು: 1956ರಲ್ಲಿ ವಿಲಿಯಂ ಶಾಕ್ಲಿ, 1968ರಲ್ಲಿ ಲೂಯಿ ಆಲ್ವಾರೆಜ್. ಆಯ್ಕೆಯಾದ ಗುಂಪಿನಿಂದ ಒಬ್ಬರಿಗೂ ನೊಬೆಲ್ ಬರಲಿಲ್ಲ.

ನಾವು ಹುಡುಕುವ ಬಗೆ

ಚಾಮರಾಜನಗರ ಜಿಲ್ಲೆಯ ಸರ್ಕಾರಿ ಶಾಲೆಯ ಮಗುವಿಗೆ ಇವತ್ತು ಎರಡು ದೊಡ್ಡ ಬಾಗಿಲುಗಳಿವೆ. ಒಂದು ನವೋದಯ. 1986ರ ಶಿಕ್ಷಣ ನೀತಿಯ ಕನಸು ಅದು: ಜಿಲ್ಲೆಗೊಂದು ವಸತಿ ಶಾಲೆ, ಮುಕ್ಕಾಲು ಪಾಲು ಸೀಟು ಹಳ್ಳಿ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ನಮ್ಮ ಜಿಲ್ಲೆಯದು ಹೊಂಡರಬಾಳಿನಲ್ಲಿದೆ. ಆರನೇ ತರಗತಿಗೆ 80 ಸೀಟು. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು, ಹನೂರು ಐದೂ ತಾಲೂಕಿಗೆ ಸೇರಿ ಅಷ್ಟೇ. ಪರೀಕ್ಷೆ ಎರಡು ಗಂಟೆ, 80 ಪ್ರಶ್ನೆ, ಅದರಲ್ಲಿ ಅರ್ಧ ಮಾನಸಿಕ ಸಾಮರ್ಥ್ಯದ್ದು. ಒಂದು ಮಗು ಆರನೇ ತರಗತಿಯ ಪರೀಕ್ಷೆಯನ್ನು ಒಂದೇ ಸಲ ಬರೆಯಬಹುದು. ಆ ದಿನ ಜ್ವರ ಬಂದಿದ್ದರೆ ಮುಗಿಯಿತು.

ಎರಡನೆಯದು ಎಂಟನೇ ತರಗತಿಯ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ. 2008ರಲ್ಲಿ ಶುರುವಾಯಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ, ಕುಟುಂಬದ ವರಮಾನ ಮೂರೂವರೆ ಲಕ್ಷ ಮೀರಬಾರದು. ತಾರ್ಕಿಕ ಸಾಮರ್ಥ್ಯಕ್ಕೆ 90 ಅಂಕ, ಪಠ್ಯ ವಿಷಯಗಳಿಗೆ 90 ಅಂಕ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ ₹12,000. ದೇಶಕ್ಕೆ ಒಂದು ಲಕ್ಷ ಮಕ್ಕಳು, ಕರ್ನಾಟಕದ ಪಾಲು ಸುಮಾರು ಐದೂವರೆ ಸಾವಿರ. ಇವೆರಡರ ಜೊತೆಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ, ಪ್ರತಿಭಾ ಕಾರಂಜಿ, ಇನ್‌ಸ್ಪೈರ್ ಅವಾರ್ಡ್ ಇವೆ.

ಮುಚ್ಚಿದ ಬಾಗಿಲುಗಳನ್ನೂ ಹೇಳಬೇಕು. 1963ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆ, ಅಂದರೆ ಎನ್‌ಟಿಎಸ್‌ಇ, 2021ರ ನಂತರ ನಿಂತಿತು. 1999ರಿಂದ ನಡೆಯುತ್ತಿದ್ದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನೋಡಿಕೊಳ್ಳುತ್ತಿದ್ದ ಕೆವಿಪಿವೈ 2022ರಲ್ಲಿ ಬೇರೊಂದು ಯೋಜನೆಯೊಳಗೆ ಕರಗಿಹೋಯಿತು. ಇವು ಹತ್ತನೇ ತರಗತಿಗೂ ಅದರ ಮೇಲಿನವರಿಗೂ ಇದ್ದ ಪರೀಕ್ಷೆಗಳು. ಕೋಚಿಂಗ್ ಸಿಕ್ಕ ನಗರದ ಮಕ್ಕಳಿಗೆ ಅನುಕೂಲ ಹೆಚ್ಚು ಅನ್ನುವ ಟೀಕೆ ಇತ್ತು. ಆದರೆ ಅವುಗಳ ಜಾಗಕ್ಕೆ ಹಳ್ಳಿಯ ಮಗುವನ್ನು ಹುಡುಕಿಕೊಂಡು ಹೋಗುವ ಹೊಸದೇನೂ ಬರಲಿಲ್ಲ.

ಬಾಗಿಲಿಗೂ ಮುಂಚಿನ ಬಾಗಿಲು

ಈ ಎಲ್ಲ ಯೋಜನೆಗಳಲ್ಲೂ ಒಂದು ಸಾಮಾನ್ಯ ಅಂಶ ಇದೆ. ಪರೀಕ್ಷೆ ಬರೆಯಲು ಯಾರಾದರೂ ಅರ್ಜಿ ಹಾಕಬೇಕು. ನವೋದಯಕ್ಕೆ ಪೋಷಕರು ಆನ್‌ಲೈನ್ ಅರ್ಜಿ ತುಂಬಬೇಕು. ಎನ್‌ಎಂಎಂಎಸ್‌ಗೆ ಶಾಲೆಯ ಮುಖ್ಯಶಿಕ್ಷಕರೇ ಹೆಸರು ನೋಂದಾಯಿಸಬೇಕು, ವರಮಾನ ಪ್ರಮಾಣಪತ್ರ ಇರಬೇಕು. ಇನ್‌ಸ್ಪೈರ್‌ಗೂ ಶಾಲೆಯೇ ಮಕ್ಕಳನ್ನು ಸೂಚಿಸಬೇಕು. ಅಂದರೆ ಪರೀಕ್ಷೆಗೂ ಮೊದಲು ಒಂದು ಆಯ್ಕೆ ನಡೆದುಹೋಗಿರುತ್ತದೆ. ಅದಕ್ಕೆ ಪ್ರಶ್ನೆಪತ್ರಿಕೆ ಇಲ್ಲ, ಫಲಿತಾಂಶದ ಪಟ್ಟಿಯೂ ಇಲ್ಲ. ಯಾರ ಅಪ್ಪನಿಗೆ ನಾಡಕಚೇರಿಗೆ ಅಲೆಯಲು ಒಂದು ದಿನದ ಕೂಲಿ ಬಿಡಲು ಆಗುತ್ತೋ, ಯಾವ ಮಗು ಮೇಷ್ಟ್ರ ಕಣ್ಣಿಗೆ 'ಶಿಸ್ತಿನ ಹುಡುಗ' ಆಗಿ ಕಾಣುತ್ತೋ, ಆ ಮಗು ಮುಂದೆ ಹೋಗುತ್ತೆ. ಕೊಡಗಿನ ಕಾಫಿ ತೋಟಕ್ಕೋ ಕೇರಳದ ಶುಂಠಿ ಹೊಲಕ್ಕೋ ಅಪ್ಪ ಅಮ್ಮನ ಜೊತೆ ಹೋದ ಮಗು ಅರ್ಜಿಯ ಕೊನೇ ದಿನಾಂಕ ಮುಗಿದ ಮೇಲೆ ವಾಪಸ್ ಬರುತ್ತೆ.

ಅಮೆರಿಕದ ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಪ್ರಯೋಗ ನಡೆಯಿತು. ಅಲ್ಲಿ ಶಿಕ್ಷಕರು ಅಥವಾ ಪೋಷಕರು ಸೂಚಿಸಿದ ಮಕ್ಕಳಿಗೆ ಮಾತ್ರ ಪ್ರತಿಭಾ ಪರೀಕ್ಷೆ ಮಾಡುತ್ತಿದ್ದರು. 2005ರಿಂದ ಪದ್ಧತಿ ಬದಲಿಸಿ, ಎರಡನೇ ತರಗತಿಯ ಪ್ರತಿಯೊಂದು ಮಗುವಿಗೂ ಮಾತಿನ ಅವಲಂಬನೆ ಇಲ್ಲದ, ಚಿತ್ರ ಮತ್ತು ಆಕಾರಗಳ ಒಂದು ಪರೀಕ್ಷೆ ಕೊಟ್ಟರು. ಆಯ್ಕೆಯ ಮಟ್ಟವನ್ನು ಇಳಿಸಲಿಲ್ಲ. ಆದರೂ ಆಯ್ಕೆಯಾದವರಲ್ಲಿ ಬಡ ಮಕ್ಕಳು, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು, ಹೆಣ್ಣುಮಕ್ಕಳು ಗಣನೀಯವಾಗಿ ಹೆಚ್ಚಾದರು. ಇಷ್ಟು ದಿನ ಅವರು ಅಲ್ಲೇ ಕೂತಿದ್ದರು, ಯಾರೂ ಹೆಸರು ಬರೆದುಕೊಟ್ಟಿರಲಿಲ್ಲ ಅಷ್ಟೇ. ದುಡ್ಡಿಲ್ಲ ಅಂತ ಆ ಸಾರ್ವತ್ರಿಕ ಪರೀಕ್ಷೆಯನ್ನು ನಿಲ್ಲಿಸಿದಾಗ ಗಳಿಕೆಯೂ ಕರಗಿತು. ಇದನ್ನು 2016ರಲ್ಲಿ ದಾಖಲಿಸಿದವರು ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಫ್ಲಾರಿಡಾ ಎಲ್ಲಿ, ಬೇಗೂರು ಹೋಬಳಿ ಎಲ್ಲಿ ಅನ್ನಬಹುದು. ಆದರೆ ಶಿಕ್ಷಕರ ಕಣ್ಣು ತಪ್ಪುವ ರೀತಿ ಎಲ್ಲ ಕಡೆಯೂ ಒಂದೇ. ಅವರು ಕೆಟ್ಟವರು ಅಂತಲ್ಲ. ಎರಡು ಕೊಠಡಿಯಲ್ಲಿ ಐದು ತರಗತಿ ನಿಭಾಯಿಸುವವರಿಗೆ ಗಲಾಟೆ ಮಾಡದ ಮಗುವೇ ಜಾಣ ಮಗುವಾಗಿ ಕಾಣುವುದು ಸಹಜ.

ಅಳತೆಗೋಲಿಗೆ ಸಿಗದ್ದು

ಎಲ್ಲರಿಗೂ ಪರೀಕ್ಷೆ ಕೊಟ್ಟರೂ ಇನ್ನೊಂದು ತೊಡಕು ಉಳಿಯುತ್ತದೆ. 2025ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರ ಒಂದು ಅಧ್ಯಯನ ಬಂತು. ಕೋಲ್ಕತ್ತ ಮತ್ತು ದಿಲ್ಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳು ಆಲೂಗಡ್ಡೆ, ಈರುಳ್ಳಿಯ ಕಷ್ಟದ ಲೆಕ್ಕಗಳನ್ನು ಮನಸ್ಸಿನಲ್ಲೇ ಮಾಡುತ್ತಾರೆ. ಅದೇ ಬಗೆಯ ಲೆಕ್ಕವನ್ನು ಪಠ್ಯಪುಸ್ತಕದ ರೀತಿಯಲ್ಲಿ ಕೊಟ್ಟರೆ ತಡವರಿಸುತ್ತಾರೆ. ಶಾಲೆಯಲ್ಲಷ್ಟೇ ಓದುವ ಮಕ್ಕಳು ಇದಕ್ಕೆ ಉಲ್ಟಾ, ಮಾರುಕಟ್ಟೆಯ ಲೆಕ್ಕದಲ್ಲಿ ತಬ್ಬಿಬ್ಬಾಗುತ್ತಾರೆ. ತೆರಕಣಾಂಬಿಯಲ್ಲಿ ನಾನು ನೋಡಿದ್ದು ಇದನ್ನೇ.

ಎಂಜಿನಿಯರಿಂಗ್ ಲ್ಯಾಬಿನಲ್ಲಿ ಮೊದಲು ಕಲಿಸುವ ಪಾಠವೊಂದಿದೆ: ಮೀಟರು ತೋರಿಸದಿದ್ದರೆ ಕರೆಂಟೇ ಇಲ್ಲ ಅಂದುಕೊಂಡು ತಂತಿ ಮುಟ್ಟಬೇಡ. ಮಕ್ಕಳ ವಿಷಯದಲ್ಲಿ ನಾವು ದಿನಾ ಅದೇ ತಪ್ಪು ಮಾಡುತ್ತೇವೆ.

ನಮ್ಮದು ಮಂಟೇಸ್ವಾಮಿ, ಮಲೆ ಮಾದಪ್ಪನ ಸೀಮೆ. ನೀಲಗಾರರು, ಕಂಸಾಳೆಯವರು ರಾತ್ರಿಯಿಡೀ ಕತೆ ಹಾಡುತ್ತಾರೆ, ಕೈಯಲ್ಲಿ ಪುಸ್ತಕ ಇರುವುದಿಲ್ಲ. ಆ ಮನೆಗಳಲ್ಲಿ ಬೆಳೆದ ಮಗುವಿನ ನೆನಪಿನ ಶಕ್ತಿ, ಲಯಜ್ಞಾನ, ಕತೆಯನ್ನು ಎಲ್ಲಿ ಹಿಗ್ಗಿಸಬೇಕು ಎಲ್ಲಿ ಕುಗ್ಗಿಸಬೇಕು ಅನ್ನುವ ತಿಳಿವು ಯಾವ ಓಎಂಆರ್ ಶೀಟಿನಲ್ಲಿ ಕಾಣುತ್ತದೆ? ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಗು ಹೆಜ್ಜೇನು, ತುಡುವೆ, ಕೋಲುಜೇನು, ನಸರುಜೇನುಗಳನ್ನು, ಅವು ಕೂರುವ ಮರವನ್ನು, ಹೂ ಬಿಡುವ ಕಾಲವನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ವರ್ಗೀಕರಣ ಅಂದರೆ ಇದೇ ತಾನೆ? ವಿಜ್ಞಾನದ ಪರೀಕ್ಷೆಯಲ್ಲಿ ಆ ಮಗು ಫೇಲು. ಡಾ. ಎಚ್. ಸುದರ್ಶನ್ 1981ರಲ್ಲಿ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು, ಅಲ್ಲೇ ಶಾಲೆಯೂ ಬಂತು. ಆಮೇಲಿನ ದಶಕಗಳಲ್ಲಿ ಡಾ. ಸಿ. ಮಾದೇಗೌಡರಂತೆ ಪಿಎಚ್.ಡಿ ಪಡೆದು, ತಮ್ಮ ಕಾಡಿನ ಬಗ್ಗೆಯೇ ಸಂಶೋಧನೆ ಮಾಡುವವರು ಅದೇ ಸೋಲಿಗ ಸಮುದಾಯದಿಂದ ಬಂದರು. ಸಾಮರ್ಥ್ಯ 1981ಕ್ಕೂ ಮೊದಲು ಇರಲಿಲ್ಲವೇ?

2011ರ ಜನಗಣತಿಯಲ್ಲಿ ಈ ಜಿಲ್ಲೆಯ ಸಾಕ್ಷರತೆ ಶೇ 61ರ ಆಸುಪಾಸು, ರಾಜ್ಯದ ಸರಾಸರಿ ಶೇ 75. ನಮ್ಮೂರ ಮಕ್ಕಳ ತಲೆಯಲ್ಲಿ ಏನು ಕಡಿಮೆ ಇದೆ ಅನ್ನುವುದನ್ನು ಈ ಅಂಕಿ ಹೇಳುವುದಿಲ್ಲ. ಎಷ್ಟು ತಲೆಮಾರುಗಳ ಕಾಲ ಯಾರೂ ಕೇಳಲಿಲ್ಲ ಅನ್ನುವುದನ್ನು ಹೇಳುತ್ತದೆ.

ಗುರುತಿಸಿದ ಮೇಲೆ ಏನು?

ಇಲ್ಲಿಯವರೆಗಿನ ನಮ್ಮ ಉತ್ತರ ಒಂದೇ: ಆರಿಸು, ಎತ್ತಿಕೊಂಡು ಹೋಗು. ನವೋದಯ ಒಳ್ಳೆಯ ಶಾಲೆ, ಅದರಿಂದ ಬದುಕು ಬದಲಾದವರನ್ನು ನಾನು ಬಲ್ಲೆ. ಆದರೆ 80 ಮಕ್ಕಳನ್ನು ಎತ್ತಿಕೊಂಡ ಮೇಲೆ 81ನೆಯವಳಿಗೆ ಏನು? ಅವಳು ಅದೇ ಬೆಂಚಿನ ಮೇಲೆ, ಮೊದಲೇ ಗೊತ್ತಿರುವ ಪಾಠ ಕೇಳುತ್ತಾ, ಚಾಕ್‌ಪೀಸ್ ತರುತ್ತಾ ಇರುತ್ತಾಳೆ.

ಕುತೂಹಲದ ಸಂಗತಿ ಅಂದರೆ, ಇದಕ್ಕೆ ಬೇಕಾದ ಉಪಕರಣ ಹುಟ್ಟಿದ್ದು ನಮ್ಮ ಪಕ್ಕದ ತಾಲೂಕಿನಲ್ಲೇ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಸೇರಿ, ರಿಷಿ ವ್ಯಾಲಿಯ ಪ್ರಯೋಗವನ್ನು ನೋಡಿ ಬಂದು, ನಲಿಕಲಿ ಪದ್ಧತಿ ಶುರುಮಾಡಿದರು. ಕಲಿಕೆಯನ್ನು ಮೈಲಿಗಲ್ಲುಗಳಾಗಿ, ಏಣಿಯ ಮೆಟ್ಟಿಲುಗಳಾಗಿ ಒಡೆದರು. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು. ಮಕ್ಕಳು ತರಗತಿವಾರು ಕೂರುವುದಿಲ್ಲ, ಮಾಡುತ್ತಿರುವ ಕೆಲಸಕ್ಕೆ ತಕ್ಕಂತೆ ಐದು ತಟ್ಟೆಗಳಲ್ಲಿ ಕೂರುತ್ತಾರೆ. ಒಂದರಲ್ಲಿ ಶಿಕ್ಷಕರ ಪೂರ್ಣ ನೆರವು, ಇನ್ನೊಂದರಲ್ಲಿ ಗೆಳೆಯರ ನೆರವು, ಕೊನೆಯದರಲ್ಲಿ ಸ್ವಂತ ಕಲಿಕೆ. ಹದಿನೈದು ದಿನ ಶಾಲೆಗೆ ಬರದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಬೇಗ ಕಲಿಯುವ ಮಗು ಯಾರಿಗೂ ಕಾಯದೆ ಮೇಲೆ ಹತ್ತಬಹುದು. ಹಿಂದುಳಿಯುವ ಮಗುವಿಗಾಗಿ ಯೋಚಿಸಿದ ವ್ಯವಸ್ಥೆ ಮುಂದೋಡುವ ಮಗುವಿಗೂ ಸರಿಹೊಂದುತ್ತದೆ. 2009ರ ಹೊತ್ತಿಗೆ ಅದು ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂತು.

ಆದರೆ ನಲಿಕಲಿ ಒಂದರಿಂದ ಮೂರನೇ ತರಗತಿಗೆ ಮಾತ್ರ. ನಾಲ್ಕನೇ ತರಗತಿಗೆ ಬಂದ ಕೂಡಲೇ ಏಣಿ ತೆಗೆದು ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತೇವೆ. ಏಳನೇ ತರಗತಿಯವರೆಗೆ ಗಣಿತಕ್ಕಾದರೂ ಆ ಏಣಿ ಮುಂದುವರಿದರೆ, ಐದನೇ ತರಗತಿಯ ಹುಡುಗಿ ಏಳನೇ ತರಗತಿಯ ಕಾರ್ಡು ತೆಗೆದುಕೊಂಡು ಕೂರುವುದು ಸಹಜವಾಗಿ ಕಾಣುತ್ತದೆ. ಅದಕ್ಕೆ ಪ್ರತ್ಯೇಕ ಶಾಲೆ ಬೇಕಿಲ್ಲ.

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಅನಿತಾ ಕುರುಪ್ ಮತ್ತು ತಂಡ ಒಂದು ದಶಕಕ್ಕೂ ಹೆಚ್ಚು ಕಾಲ ಭಾರತದ ಸಂದರ್ಭಕ್ಕೆ ಹೊಂದುವ ಗುರುತಿಸುವ ವಿಧಾನಗಳ ಮೇಲೆ ಕೆಲಸ ಮಾಡಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ವಿಶೇಷ ಪ್ರತಿಭೆಯ ಮಕ್ಕಳಿಗಾಗಿ ಶಾಲೆ, ಶಾಲಾ ಸಂಕೀರ್ಣ, ಜಿಲ್ಲಾ ಮಟ್ಟದ ವಿಷಯವಾರು ಕ್ಲಬ್ಬುಗಳ ಮಾತಿದೆ. ಆ ನೀತಿಯ ಬಗ್ಗೆ ಕರ್ನಾಟಕದ ತಕರಾರು ಏನೇ ಇರಲಿ, ಕ್ಲಸ್ಟರ್ ಮಟ್ಟದಲ್ಲಿ ಶನಿವಾರ ಒಂದು ಗಣಿತ ಕ್ಲಬ್ಬು ನಡೆಸಲು ಯಾವ ನೀತಿಗೂ ಕಾಯಬೇಕಿಲ್ಲ.

'ಮೆರಿಟ್' ಅನ್ನುವ ಮಾತು

ಇಷ್ಟು ಓದಿದ ಮೇಲೆ ಇಬ್ಬರು ತಕರಾರು ತೆಗೆಯುತ್ತಾರೆ. ಮೊದಲನೆಯವರು, ಐದನೇ ತರಗತಿಯ ಎಷ್ಟೋ ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬರದಿರುವಾಗ ಜಾಣರ ಚಿಂತೆ ಯಾಕೆ ಅನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಎರಡೂ ರೋಗದ ಮೂಲ ಒಂದೇ. ಕ್ಲಾಸಿನಲ್ಲಿ ಇಲ್ಲದ ಒಂದು 'ಸರಾಸರಿ ಮಗು'ವಿಗೆ ಪಾಠ ಮಾಡುತ್ತೇವೆ. ಓದಲು ಬಾರದವನೂ ಓದಿ ಮುಗಿಸಿದವಳೂ ಅಲ್ಲಿ ಹೊರಗಿನವರೇ. ಅವರವರ ಮೆಟ್ಟಿಲಿನಿಂದ ಶುರುಮಾಡುವುದು ಇಬ್ಬರಿಗೂ ಬೇಕು.

ಎರಡನೆಯವರಿಗೆ ಪ್ರತಿಭೆ ಅನ್ನುವ ಪದದ ಮೇಲೇ ಅನುಮಾನ. ಅದು ನನಗೂ ಇದೆ. ಮೀಸಲಾತಿಯ ಮಾತು ಬಂದಾಗಲೆಲ್ಲ 'ಮೆರಿಟ್' ಅನ್ನುವ ದೊಣ್ಣೆ ಎತ್ತುವವರನ್ನು ನಾವು ನೋಡಿದ್ದೇವೆ. ಅವರ ಪಾಲಿಗೆ ಮೆರಿಟ್ ಅಂದರೆ ಕೋಚಿಂಗ್ ಸೆಂಟರಿನ ರಸೀದಿ. ಅದಕ್ಕಾಗಿಯೇ ಈ ಪದವನ್ನು ಅವರ ಕೈಗೆ ಬಿಟ್ಟುಕೊಡಬಾರದು. ಪ್ರತಿಭೆ ಜಾತಿ ನೋಡಿ ಹುಟ್ಟುವುದಿಲ್ಲ ಅಂತ ನಿಜವಾಗಿ ನಂಬುವವರು ಅದನ್ನು ಕೇರಿಯಲ್ಲಿ, ಹಾಡಿಯಲ್ಲಿ, ಮಾರುಕಟ್ಟೆಯಲ್ಲಿ ಹುಡುಕಲು ಹೊರಡಬೇಕು.

ಹುಡುಕಿದರೆ ಸಿಕ್ಕ ಉದಾಹರಣೆ ಈ ಜಿಲ್ಲೆಯಲ್ಲೇ ಇದೆ. ಹದಿನೇಳನೇ ಶತಮಾನದಲ್ಲಿ ಯಳಂದೂರಿನ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿಯ ಊಳಿಗದವಳು. ಆ ಊಳಿಗದ ಹೆಣ್ಣಿನ ಬುದ್ಧಿಯನ್ನು ರಾಣಿ ದೇವಾಜಮ್ಮಣ್ಣಿ ಗಮನಿಸಿದರು, ಕವಿ ಅಳಸಿಂಗರಾರ್ಯರು ಪಾಠ ಹೇಳಿದರು. 'ಹದಿಬದೆಯ ಧರ್ಮ' ಬಂತು. ಆಗಿನ ಕಾಲದಲ್ಲಿ ಅದು ಒಬ್ಬರ ಔದಾರ್ಯ, ಒಬ್ಬಳ ಅದೃಷ್ಟ. ಇವತ್ತು ಅದು ವ್ಯವಸ್ಥೆಯ ಕೆಲಸ.

ಆಗಬೇಕಾದದ್ದು

ದೊಡ್ಡ ಬಜೆಟ್ ಬೇಡದ ನಾಲ್ಕು ಕೆಲಸಗಳನ್ನು ಹೇಳುತ್ತೇನೆ.

ಒಂದು, ಅರ್ಜಿ ಅನ್ನುವುದೇ ಹೋಗಲಿ. ಸರ್ಕಾರಿ ಶಾಲೆಯ ನಾಲ್ಕನೇ ಮತ್ತು ಏಳನೇ ತರಗತಿಯ ಪ್ರತಿ ಮಗುವೂ ತನ್ನ ಶಾಲೆಯಲ್ಲೇ, ಶಾಲೆಯ ಅವಧಿಯಲ್ಲೇ ಒಂದು ಸರಳ, ಭಾಷೆಯ ಹೊರೆ ಇಲ್ಲದ ಪರೀಕ್ಷೆ ಬರೆಯಲಿ. ಮಕ್ಕಳ ಹೆಸರು ಹೇಗೂ ಇಲಾಖೆಯ ಕಂಪ್ಯೂಟರಿನಲ್ಲಿದೆ. ಬೇಡ ಅನ್ನುವವರು ಬೇಕಾದರೆ ಅರ್ಜಿ ಹಾಕಲಿ.

ಎರಡು, ಪ್ರತಿ ಶಾಲೆಯ ಮುಂಚೂಣಿ ಮಕ್ಕಳನ್ನು ಆ ಶಾಲೆಯೊಳಗೇ ಹೋಲಿಸಿ ಗುರುತಿಸಬೇಕು. ಹಂಗಳದ ಮಗುವನ್ನು ಜಯನಗರದ ಮಗುವಿನ ಜೊತೆ ತೂಗಬಾರದು. ಬ್ರೋವರ್ಡ್‌ನಲ್ಲೇ ಕಾರ್ಡ್ ಮತ್ತು ಜೂಲಿಯಾನೊ ಇನ್ನೊಂದು ಸಂಗತಿ ಕಂಡರು. ತಮ್ಮ ಶಾಲೆಯಲ್ಲಿ ಮುಂದಿದ್ದ ಮಕ್ಕಳನ್ನು, ಪ್ರತಿಭಾ ಪರೀಕ್ಷೆಯ ಮಟ್ಟ ಮುಟ್ಟದಿದ್ದರೂ ಉನ್ನತ ತರಗತಿಗೆ ಸೇರಿಸಿದಾಗ ಹೆಚ್ಚು ಲಾಭ ಆದದ್ದು ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳಿಗೆ.

ಮೂರು, ಒಂದೇ ಸಲದ ಪರೀಕ್ಷೆ ಸಾಲದು. ತಡವಾಗಿ ಅರಳುವವರಿಗೆ, ಆ ದಿನ ಊರಲ್ಲಿಲ್ಲದವರಿಗೆ ಎರಡನೇ ಅವಕಾಶ ಇರಲಿ. ಪರೀಕ್ಷೆಯ ಜೊತೆಗೆ ಮಗು ಮಾಡಿದ ಕೆಲಸವೂ ಲೆಕ್ಕಕ್ಕೆ ಬರಲಿ: ಕಟ್ಟಿದ ಕತೆ, ರಿಪೇರಿ ಮಾಡಿದ ಪಂಪು, ಹಾಡು.

ನಾಲ್ಕು, ಗುರುತಿಸಿದ ಮಗುವಿಗೆ ವರ್ಷಕ್ಕೆ ಹನ್ನೆರಡು ಸಾವಿರ ಕೊಟ್ಟು ಕೈತೊಳೆದುಕೊಳ್ಳದೆ, ಕಲಿಯಲು ಮುಂದಿನ ಮೆಟ್ಟಿಲು ಕೊಡಬೇಕು. ವರಮಾನ ಪ್ರಮಾಣಪತ್ರ ತರುವ ಹೊಣೆ ಶಾಲೆಯದಾಗಲಿ.

ತೆರಕಣಾಂಬಿಯಲ್ಲಿ ಹೊರಡುವ ಮೊದಲು ಅವಳ ಮಗಳ ಬಗ್ಗೆ ಕೇಳಿದೆ. ಸರ್ಕಾರಿ ಶಾಲೆ, ಎಂಟನೇ ಕ್ಲಾಸು. "ಲೆಕ್ಕದಲ್ಲಿ ಚುರುಕು. ಆದ್ರೆ ಮಿಸ್ಸು ಹೇಳ್ತಾರೆ, ಕೂತಕಡೆ ಕೂರಲ್ಲ ಅಂತ" ಅಂದಳು. ಎನ್‌ಎಂಎಂಎಸ್‌ಗೆ ಹೆಸರು ಕೊಟ್ಟಿದ್ದಾರಾ ಅಂದೆ. "ಅದೇನದು?" ಅಂದಳು.

ಅವತ್ತು ಮಧ್ಯಾಹ್ನವೇ ಶಾಲೆಗೆ ಫೋನ್ ಮಾಡಿದೆ. ಅರ್ಜಿಗೆ ಇನ್ನೂ ದಿನ ಇತ್ತು, ಹೆಸರು ಸೇರಿಸಿದರು. ಒಂದು ಮಗುವಿನ ಕೆಲಸ ಆಯಿತು, ಅದೂ ಅವಳಮ್ಮನ ಜೊತೆ ಓದಿದ ಒಬ್ಬ ಪತ್ರಕರ್ತ ಆ ದಿನ ಆ ಮಾರುಕಟ್ಟೆಗೆ ಹೋಗಿದ್ದರಿಂದ. ಉಳಿದ ಮಕ್ಕಳ ಕ್ಲಾಸ್‌ಮೇಟುಗಳು ಎಲ್ಲ ಮಾರುಕಟ್ಟೆಗಳಿಗೂ ಹೋಗುವುದಿಲ್ಲ.